ಮ್ಯಾಚ್‌ನಿಂದ ಹೊರಗಿಡಿ, ಪ್ರಾಕ್ಟೀಸ್‌ನಿಂದ ಬೇಡ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಕ್ರೀಡಾಪುಟದಲ್ಲಿ ಇಟಲಿಯ ಫುಟ್‌ಬಾಲ್ ಆಟಗಾರ, ಮಿಡ್‌ಫೀಲ್ಡರ್ ಸಾಂಡ್ರೊ ಟೊನಾಲಿ ಬಗ್ಗೆ ಒಂದು ಚಿಕ್ಕ ಸುದ್ದಿ ಇತ್ತು. ಯಾವ ಕ್ಲಬ್‌ಗೆ ಅವನ ಮೇಲೆ ಕಣ್ಣು, ಎಷ್ಟು ಕೋಟಿ ಕೊಡಬಹುದು, ಸುದ್ದಿ ತುಂಬಾ ಇದೇ. ಕೊನೆಯಲ್ಲಿ ಮಾತ್ರ 'ಈ ಹಿಂದೆ ಬೆಟ್ಟಿಂಗ್ ಪ್ರಕರಣದಲ್ಲಿ ನಿಷೇಧಕ್ಕೊಳಗಾಗಿದ್ದ ಆಟಗಾರ' ಅಂತ ಒಂದು ಮಾತು. ಬರೆದವರ ಮೇಲೆ ಸಿಟ್ಟಿಲ್ಲ, ಪೇಪರಲ್ಲಿ ಜಾಗ ಕಡಿಮೆ ಇರುತ್ತದೆ. ಆದರೆ ನಮ್ಮ ಮಲೆನಾಡಿನ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ, ಊರೂರಲ್ಲಿ ಟೀಮ್ ಕಟ್ಟಿಕೊಂಡು ಓಡಾಡುವ ನಮ್ಮಂಥವರಿಗೆ ಬೇಕಾದ ಸುದ್ದಿ ಇರುವುದು ಆ ಒಂದು ಮಾತಿನಲ್ಲೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಸಾಗರದವನು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಹೊತ್ತು ಊರಿನ ಹುಡುಗರ ಫುಟ್‌ಬಾಲ್ ಟೀಮ್ ನೋಡಿಕೊಳ್ಳುವವರಲ್ಲಿ ಒಬ್ಬ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಇಲ್ಲ ಅನ್ನುವ ಊರುಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರನ್ನು ಹಿಡಿದಿಟ್ಟುಕೊಳ್ಳೋದು ಸುಲಭ ಅಲ್ಲ. ಮಳೆಗಾಲದಲ್ಲಂತೂ ಮೈದಾನ ಅನ್ನೋದೇ ಇರೋದಿಲ್ಲ, ಬರೀ ಕೆಸರು. ಆದರೂ ಆಡುತ್ತಾರೆ.

ಟೊನಾಲಿ ಹುಟ್ಟಿದ್ದು 2000ರ ಮೇ 8ರಂದು, ಉತ್ತರ ಇಟಲಿಯ ಲೋಡಿಯಲ್ಲಿ. ಮಿಲಾನ್ ನಗರಕ್ಕೆ ಹತ್ತಿರ. ಹುಡುಗ ಬೆಳೆದದ್ದು ಬ್ರೆಷಾ ಕ್ಲಬ್‌ನ ಮಕ್ಕಳ ಟೀಮ್‌ಗಳಲ್ಲಿ. 2017ರ ಆಗಸ್ಟ್‌ನಲ್ಲಿ, 17ನೇ ವಯಸ್ಸಿಗೇ ಎರಡನೇ ದರ್ಜೆಯ ಲೀಗ್‌ನಲ್ಲಿ ದೊಡ್ಡವರ ಜೊತೆ ಆಡಿದ. 2019ರಲ್ಲಿ ಬ್ರೆಷಾ ಆ ಲೀಗ್ ಗೆದ್ದು ಮೇಲಿನ ದರ್ಜೆಯ ಲೀಗ್ ಆದ ಸೀರಿ ಎ ಗೆ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಟಲಿ ತಂಡದ ಅಂಗಿಯನ್ನೂ ತೊಟ್ಟ. ಉದ್ದ ಕೂದಲು, ಬ್ರೆಷಾ ಕ್ಲಬ್, ಮೈದಾನದ ನಡುವೆ ನಿಂತು ಆಟ ನಡೆಸುವ ಜಾಗ, ಇಷ್ಟು ಸಾಕಿತ್ತು ಜನಕ್ಕೆ, 'ಹೊಸ ಪಿರ್ಲೊ' ಅಂತ ಹೆಸರಿಟ್ಟೇಬಿಟ್ಟರು. ಅವನು ಮಾತ್ರ ನನಗೆ ಮಾದರಿ ಗಟುಸೊ ಅಂದ. ಇಬ್ಬರೂ ಇಟಲಿಯ ಹಳೆಯ ಮಿಡ್‌ಫೀಲ್ಡರ್‌ಗಳು. ಪಿರ್ಲೊ ಅಂದರೆ ನಿಂತಲ್ಲೇ ಪಾಸ್ ಕೊಡುವ ಸೊಗಸುಗಾರ. ಗಟುಸೊ ಅಂದರೆ ಬೆವರು ಸುರಿಸಿ ಓಡಿ ಬಾಲ್ ಕಿತ್ತುಕೊಂಡು ಬರುವವರು. ಟೊನಾಲಿ ಆಟ ನೋಡಿದವರಿಗೆ ಅವನು ಹೇಳಿದ್ದೇ ಸರಿ ಅಂತ ಗೊತ್ತಾಗುತ್ತದೆ.

ಚಿಕ್ಕಂದಿನಿಂದ ಅವನು ಮಿಲಾನ್ ಕ್ಲಬ್‌ನ ಅಭಿಮಾನಿ. 2020ರಲ್ಲಿ ಆ ಕ್ಲಬ್‌ಗೇ ಲೋನ್ ಮೇಲೆ, ಅಂದರೆ ಎರವಲು ಆಟಗಾರನಾಗಿ ಹೋದ. ಗಟುಸೊ ಹಾಕಿಕೊಳ್ಳುತ್ತಿದ್ದ 8ನೇ ನಂಬರ್ ಅಂಗಿ ತೊಡುವ ಮೊದಲು ಅವರಿಗೇ ಫೋನ್ ಮಾಡಿ ಕೇಳಿಕೊಂಡ. ಮೊದಲ ವರ್ಷ ಆಟ ಕೂಡಿಬರಲಿಲ್ಲ. ಮರುವರ್ಷ ಮಿಲಾನ್‌ನಲ್ಲೇ ಉಳಿಯಬೇಕು ಅಂತ ಸಂಬಳ ಕಡಿಮೆ ಮಾಡಿಕೊಳ್ಳಲು ಒಪ್ಪಿದ. ಆಮೇಲೆ ಬಂದದ್ದು 2021-22ರ ಸೀಸನ್. ಏಪ್ರಿಲ್‌ನಲ್ಲಿ ಲಾಜಿಯೊ ವಿರುದ್ಧ ಕೊನೇ ಗಳಿಗೆಯಲ್ಲಿ ಗೆಲುವಿನ ಗೋಲು. ಮೇ 8ರಂದು, ತನ್ನ 22ನೇ ಹುಟ್ಟುಹಬ್ಬದ ದಿನವೇ, ವೆರೋನಾ ಮೈದಾನದಲ್ಲಿ ಎರಡು ಗೋಲು. ಹನ್ನೊಂದು ವರ್ಷ ಆದಮೇಲೆ ಮಿಲಾನ್ ಮತ್ತೆ ಇಟಲಿಯ ಚಾಂಪಿಯನ್ ಆಯಿತು.

2023ರ ಜುಲೈನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಅವನನ್ನು ಕೊಂಡಿತು. ಸುಮಾರು 5.5 ಕೋಟಿ ಪೌಂಡ್ ಅಂತ ಆಗ ಪತ್ರಿಕೆಗಳು ಬರೆದವು. ಆಗಸ್ಟ್ 12ರಂದು ಮೊದಲ ಲೀಗ್ ಮ್ಯಾಚ್, ಆಸ್ಟನ್ ವಿಲ್ಲಾ ವಿರುದ್ಧ. ಆರನೇ ನಿಮಿಷಕ್ಕೇ ಗೋಲು. ನ್ಯೂಕ್ಯಾಸಲ್ 5-1ರಿಂದ ಗೆದ್ದಿತು. ಆ ದಿನ ಅವನ ಮುಖ ನೋಡಿದವರು ಈ ಹುಡುಗನಿಗೆ ಏನು ಕಡಿಮೆ ಅಂದುಕೊಂಡಿರುತ್ತಾರೆ.

ಈಗ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮುಂದೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅವನ ಮೇಲೆ ಹಾಕಿದ ಆರೋಪದಲ್ಲಿ 50 ಬಾರಿ ಬೆಟ್ಟಿಂಗ್ ನಿಯಮ ಮುರಿದ ಲೆಕ್ಕ ಇತ್ತು. ಆ ಲೆಕ್ಕ ಶುರುವಾಗೋದು 2023ರ ಆಗಸ್ಟ್ 12ರಿಂದ. ಅಂದರೆ ಆ ಗೋಲು ಹೊಡೆದ ದಿನದಿಂದಲೇ. ಮುಗಿಯೋದು ಅಕ್ಟೋಬರ್ 12ಕ್ಕೆ, ಅಂದರೆ ಇಟಲಿ ತಂಡದ ಕೊವೆರ್ಚಾನೊ ಕ್ಯಾಂಪಿಗೆ ಪೊಲೀಸರು ಬಂದು ಅವನನ್ನು ವಿಚಾರಿಸಿದ ದಿನ. ಮೈದಾನದಲ್ಲಿ ಒಬ್ಬ ಮನುಷ್ಯ ಇಷ್ಟು ಚೆನ್ನಾಗಿ ಓಡುತ್ತಿರುವಾಗಲೇ ಒಳಗೆ ಹೀಗೆ ಮುಳುಗುತ್ತಿರಬಹುದು. ಮಗ ಚೆನ್ನಾಗೇ ಇದ್ದ, ನಗ್ತಾ ಇದ್ದ, ಊಟ ಮಾಡ್ತಾ ಇದ್ದ, ನಮಗೇನೂ ಗೊತ್ತಾಗಲಿಲ್ಲ ಅಂತ ಹೇಳುವ ತಂದೆ ತಾಯಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೋ. ಅವರು ಸುಳ್ಳು ಹೇಳುತ್ತಿಲ್ಲ.

ಇಟಲಿಯ ತನಿಖೆಯಲ್ಲಿ ಅವನು ಎಲ್ಲ ಒಪ್ಪಿಕೊಂಡ. ಮಿಲಾನ್‌ನಲ್ಲಿ ಆಡುವಾಗ ತನ್ನದೇ ಟೀಮಿನ ಮ್ಯಾಚ್‌ಗಳ ಮೇಲೆ, ತನ್ನ ಟೀಮ್ ಗೆಲ್ಲುತ್ತದೆ ಅಂತ ದುಡ್ಡು ಹಾಕಿದ್ದ. ಗೆಲ್ಲಲಿ ಅಂತ ತಾನೇ ಹಾಕಿದ್ದು, ತಪ್ಪೇನು ಅಂತ ನಮ್ಮ ಹುಡುಗರು ಕೇಳುತ್ತಾರೆ. ತಪ್ಪಿದೆ. ಯಾರಿಗೆ ಗಾಯ ಆಗಿದೆ, ಯಾರು ಇವತ್ತು ಆಡುತ್ತಿಲ್ಲ ಅನ್ನೋದು ಒಳಗಿರುವವನಿಗೆ ಮೊದಲೇ ಗೊತ್ತಿರುತ್ತದೆ. ಅವನು ದುಡ್ಡು ಹಾಕದ ವಾರ ಬಂದರೆ ಅದೇ ಒಂದು ಸುಳಿವಾಗುತ್ತದೆ. ಸಾಲ ಆದರಂತೂ ಬುಕ್ಕಿ ಕೈಗೆ ಜುಟ್ಟು ಸಿಕ್ಕಿದ ಹಾಗೆ. ಅದಕ್ಕೇ ಆಟಗಾರರು ಫುಟ್‌ಬಾಲ್ ಮೇಲೆ ದುಡ್ಡು ಕಟ್ಟುವುದೇ ಬೇಡ ಅಂತ ನಿಯಮ.

2023ರ ಅಕ್ಟೋಬರ್ ಕೊನೆಗೆ ಶಿಕ್ಷೆ ಬಂತು. ಒಟ್ಟು 18 ತಿಂಗಳು. ಅದರಲ್ಲಿ 10 ತಿಂಗಳು ಆಡುವ ಹಾಗಿಲ್ಲ. ಉಳಿದ 8 ತಿಂಗಳಿಗೆ ಬದಲಾಗಿ ಜೂಜಿನ ಚಟಕ್ಕೆ ಚಿಕಿತ್ಸೆ ತೆಗೆದುಕೊಳ್ಳಬೇಕು, ಕನಿಷ್ಠ 16 ಕಡೆ ಜನರ ಮುಂದೆ ನಿಂತು ತನ್ನ ಕಥೆ ಹೇಳಬೇಕು. ಹತ್ತು ತಿಂಗಳು ಏನು ಮಹಾ ಅನ್ನುವವರಿದ್ದಾರೆ. ಹೋದದ್ದು ಹೆಚ್ಚುಕಡಿಮೆ ಒಂದಿಡೀ ಸೀಸನ್, ಜೊತೆಗೆ 2024ರ ಯೂರೋ ಕಪ್. 23 ವರ್ಷದ ಆಟಗಾರನಿಗೆ ಅದು ಚಿಕ್ಕ ಶಿಕ್ಷೆ ಅಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ಆ ಹತ್ತು ತಿಂಗಳ ಬಗ್ಗೆ.

ನಿಷೇಧ ಇದ್ದದ್ದು ಮ್ಯಾಚ್‌ಗಳಿಗೆ. ಪ್ರಾಕ್ಟೀಸ್‌ಗೆ ಇರಲಿಲ್ಲ. ನ್ಯೂಕ್ಯಾಸಲ್ ಅವನನ್ನು ಟೀಮಿನ ಜೊತೆ ಪ್ರಾಕ್ಟೀಸಿಗೆ ಇಟ್ಟುಕೊಂಡಿತು. ಅದೇ ಮೈದಾನ, ಅದೇ ಜೊತೆಗಾರರು, ಅದೇ ಓಟ. ಮ್ಯಾಚ್ ದಿನ ಮಾತ್ರ ಅವನು ಹೊರಗೆ. ಕೋಚ್ ಎಡ್ಡಿ ಹೌ ಅವನ ಬೆನ್ನಿಗೆ ನಿಂತರು. ಶಿಕ್ಷೆಗೆ ಕೆಲವೇ ದಿನ ಮೊದಲು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಅವನು ಬದಲಿ ಆಟಗಾರನಾಗಿ ಇಳಿದಾಗ, ಸುದ್ದಿ ಎಲ್ಲ ಗೊತ್ತಿದ್ದೂ, ಊರಿನ ಜನ ಅವನ ಹೆಸರು ಹಿಡಿದು ಹಾಡಿದ್ದರು. ಇಂಗ್ಲೆಂಡಿನಲ್ಲಿ ಹಾಕಿದ ಬೆಟ್‌ಗಳ ವಿಷಯವನ್ನು ಅವನಾಗಿಯೇ ಹೇಳಿಕೊಂಡ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಅಲ್ಲಿನ ಸಂಸ್ಥೆ 2024ರ ಮೇನಲ್ಲಿ ಎರಡು ತಿಂಗಳ ನಿಷೇಧ ವಿಧಿಸಿ ಅಮಾನತಿನಲ್ಲಿಟ್ಟಿತು. ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿ. ಹೇಳಿಕೊಂಡರೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ ಇದ್ದರೆ ತಾನೇ ಯಾರಾದರೂ ಬಾಯಿ ಬಿಡೋದು?

2024ರ ಆಗಸ್ಟ್ 28ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಲೀಗ್ ಕಪ್ ಮ್ಯಾಚ್‌ನಲ್ಲಿ ಮತ್ತೆ ಇಳಿದ. ಮುಂದಿನ ವಾರವೇ ಇಟಲಿ ಕೋಚ್ ಸ್ಪಲೆಟ್ಟಿ ಅವನನ್ನು ಫ್ರಾನ್ಸ್ ವಿರುದ್ಧ ಪ್ಯಾರಿಸ್‌ನಲ್ಲಿ ಆಡಿಸಿದರು. ಅಲ್ಲಿ ಅವನು ಹಿಮ್ಮಡಿಯಿಂದ ತಿರುಗಿಸಿಕೊಟ್ಟ ಬಾಲನ್ನು ಜೊತೆಗಾರ ದಿಮಾರ್ಕೊ ನೆಲಕ್ಕೆ ಬೀಳುವ ಮೊದಲೇ ಗೋಲಿಗೆ ಬಾರಿಸಿದ. ಇಟಲಿ 3-1ರಿಂದ ಗೆದ್ದಿತು. ಡಿಸೆಂಬರ್ ಹೊತ್ತಿಗೆ ಎಡ್ಡಿ ಹೌ ಅವನನ್ನು ಮಿಡ್‌ಫೀಲ್ಡ್‌ನ ಹಿಂದಿನ ಜಾಗಕ್ಕೆ, ಡಿಫೆಂಡರ್‌ಗಳ ಮುಂದೆ ತಂದು ನಿಲ್ಲಿಸಿದರು. ಜೊತೆಯ ಮಿಡ್‌ಫೀಲ್ಡರ್ ಬ್ರೂನೊ ಗಿಮರೇಸ್ ಮುಂದಕ್ಕೆ ಹೋದ. ಈ ಒಂದು ಬದಲಾವಣೆಯಿಂದ ಟೀಮಿನ ನಡೆಯೇ ಬದಲಾಯಿತು, ಸಾಲಾಗಿ ಒಂಬತ್ತು ಗೆಲುವು ಬಂತು. ಆ ಜಾಗದಲ್ಲಿ ಆಡುವವನಿಗೆ ಚಪ್ಪಾಳೆ ಕಡಿಮೆ, ಕೆಲಸ ಜಾಸ್ತಿ. ಎದುರಾಳಿ ಬಾಲ್ ಹಿಡಿದು ತಿರುಗುವ ಮುಂಚೆ ಅಲ್ಲಿರಬೇಕು, ಕಿತ್ತುಕೊಂಡ ಮೇಲೆ ತಲೆ ಎತ್ತಿ ಪಾಸ್ ಕೊಡಬೇಕು. ನಮ್ಮ ಹುಡುಗರಿಗೆ ಟೊನಾಲಿ ವಿಡಿಯೊ ತೋರಿಸುವಾಗ ನಾನು ಗೋಲು ತೋರಿಸೋದಿಲ್ಲ, ಬಾಲ್ ಇಲ್ಲದಾಗ ಅವನು ಎಲ್ಲೆಲ್ಲಿ ನಿಂತಿರುತ್ತಾನೆ ಅಂತ ನೋಡಿ ಅನ್ನುತ್ತೇನೆ. ಆದರೂ 2025ರ ಏಪ್ರಿಲ್‌ನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಗೋಲ್ ಗೆರೆ ಹತ್ತಿರದಿಂದ, ಕೋನವೇ ಇಲ್ಲದ ಜಾಗದಿಂದ ಹೊಡೆದ ಗೋಲನ್ನು ಅವರೇ ಹಾಕಿಸಿಕೊಂಡು ನೋಡುತ್ತಾರೆ. ಕ್ರಾಸ್ ಹಾಕಲು ಹೋಗಿದ್ದಾ, ಶಾಟೇನಾ ಅಂತ ಜಗಳ ಇನ್ನೂ ಮುಗಿದಿಲ್ಲ.

2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್. ನಮ್ಮ ಕಡೆ ಭಾನುವಾರ ರಾತ್ರಿ ಹತ್ತು ಗಂಟೆ. ನ್ಯೂಕ್ಯಾಸಲ್ ಲಿವರ್‌ಪೂಲ್‌ನ 2-1ರಿಂದ ಸೋಲಿಸಿತು. 1955ರ ನಂತರ ಆ ಕ್ಲಬ್ ಗೆದ್ದ ಮೊದಲ ದೇಶೀ ಕಪ್, 70 ವರ್ಷ. ನಡುವೆ ನಿಂತು ಆಡಿದವರಲ್ಲಿ ಟೊನಾಲಿಯೂ ಇದ್ದ. ಅದೇ ವರ್ಷ ಜೂನ್‌ನಲ್ಲಿ ಇಟಲಿಗೆ ಕೋಚ್ ಆಗಿ ಬಂದವರು ಯಾರು ಗೊತ್ತಲ್ವಾ, ಅವನ ಗಟುಸೊ. ಸೆಪ್ಟೆಂಬರ್‌ನಲ್ಲಿ ಇಸ್ರೇಲ್ ವಿರುದ್ಧ 4-4 ಆಗಿ ಕೈತಪ್ಪಿ ಹೋಗುತ್ತಿದ್ದ ಮ್ಯಾಚನ್ನು ಕೊನೇ ಗಳಿಗೆಯ ಗೋಲಿನಿಂದ 5-4 ಮಾಡಿಕೊಟ್ಟವನೂ ಇವನೇ.

ಇವನೊಬ್ಬನೇ ಅಲ್ಲ. ಅದೇ ಪ್ರಕರಣದಲ್ಲಿ ಯುವೆಂಟಸ್‌ನ ಮಿಡ್‌ಫೀಲ್ಡರ್ ನಿಕೊಲೊ ಫಜೋಲಿಗೆ 7 ತಿಂಗಳು ನಿಷೇಧ ಆಯಿತು. ಅವನು 2001ರಲ್ಲಿ ಹುಟ್ಟಿದ ಹುಡುಗ. ಅವನಿಗೂ ಚಿಕಿತ್ಸೆ, ಅವನೂ ಜನರ ಮುಂದೆ ಮಾತಾಡಬೇಕಿತ್ತು. 2024ರ ಮೇನಲ್ಲಿ ಮತ್ತೆ ಆಡಿದ, ಆ ಬೇಸಿಗೆಯಲ್ಲೇ ಯೂರೋ ಕಪ್ ತಂಡದಲ್ಲಿದ್ದ.

ಈಗ ನಮ್ಮ ಕಡೆಯ ಮಾತು. ನಮ್ಮ ಟೀಮಿನಲ್ಲೂ ಒಬ್ಬ ಮಿಡ್‌ಫೀಲ್ಡರ್ ಇದ್ದ. ಹೆಸರು ಬೇಡ. ಬಿ.ಕಾಂ. ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮನೇಲಿ ಸ್ವಲ್ಪ ಅಡಿಕೆ ತೋಟ. ಎಡಗಾಲಿನ ಆಟ, ನೋಡಲಿಕ್ಕೆ ಚೆಂದ. ಪ್ರಾಕ್ಟೀಸ್ ಹೊತ್ತಿಗೆ ಗೆರೆ ಆಚೆ ಚಪ್ಪಲಿ ಬಿಟ್ಟು, ಅದರ ಮೇಲೆ ಫೋನನ್ನು ಸ್ಕ್ರೀನ್ ಮೇಲೆ ಮಾಡಿ ಇಡುತ್ತಿದ್ದ. ನೀರು ಕುಡಿಯಲು ಬಂದವನು ಮೊದಲು ಅದನ್ನೇ ನೋಡುತ್ತಿದ್ದ. ಬರೀ ಐಪಿಎಲ್ ಆಗಿದ್ದರೆ ಸರಿ, ಹುಡುಗರು ನೋಡುತ್ತಾರೆ. ಇವನು ನೋಡುತ್ತಿದ್ದದ್ದು ಯಾವುದೋ ದೇಶದ ಟೇಬಲ್ ಟೆನ್ನಿಸ್, ಹೆಸರೇ ಕೇಳದ ಯಾವುದೋ ಲೀಗ್. ಸ್ನೇಹಿತನ ಸ್ನೇಹಿತ ಒಬ್ಬ ಬೆಟ್ಟಿಂಗ್ ಆಡುವ ಐಡಿ ಕೊಟ್ಟಿದ್ದ. ನೂರು ರೂಪಾಯಿ ಫೋನ್‌ಪೇ ಮಾಡಿದರೆ ಪಾಯಿಂಟ್ ಬರುತ್ತದೆ, ಮೊದಮೊದಲು ಗೆದ್ದ ದುಡ್ಡೂ ಅಕೌಂಟಿಗೆ ಬಂದಿತ್ತು. ಆಮೇಲೆ ಹೋಗಿದ್ದು ಸಂಬಳ, ಆಮೇಲೆ ಕೈಸಾಲ, ಆಮೇಲೆ ಮೀಟರ್ ಬಡ್ಡಿ. ಕೇಳಿದರೆ 'ಒಂದು ಮ್ಯಾಚ್ ಅಣ್ಣ, ರಿಕವರಿ ಮಾಡ್ತೀನಿ' ಅನ್ನುತ್ತಿದ್ದ.

ಕೊನೆಗೆ ಟೂರ್ನಿಗೆ ಕಟ್ಟಬೇಕಿದ್ದ ಟೀಮಿನ ಎಂಟ್ರಿ ಫೀಸ್ ಅವನ ಕೈಯಲ್ಲಿತ್ತು, ಅದೂ ಹೋಯಿತು. ತಪ್ಪು ಅವನದೇ. ಹುಡುಗರು ಮನೆಯಲ್ಲಿ ಬೇಡಿ ತಂದ ದುಡ್ಡು ಅದು, ಶಿಕ್ಷೆ ಆಗಲೇಬೇಕಿತ್ತು. ಮೀಟಿಂಗ್ ಆಯಿತು. ಕಂತಲ್ಲಿ ದುಡ್ಡು ವಾಪಸ್ ಕಟ್ಟಲಿ, ಈ ವರ್ಷ ಮ್ಯಾಚ್ ಆಡಿಸೋದು ಬೇಡ, ಆದರೆ ಸಂಜೆ ಪ್ರಾಕ್ಟೀಸಿಗೆ ಬರಲಿ ಅಂತ ನಾನು ಹೇಳಿದೆ. ಒಬ್ಬಿಬ್ಬರು ಒಪ್ಪಿದರು, ಮಿಕ್ಕವರು ಕೇಳಲಿಲ್ಲ. ಅವತ್ತು ರಾತ್ರಿಯೇ ವಾಟ್ಸ್‌ಆ್ಯಪ್ ಗ್ರೂಪಿಂದ ತೆಗೆದರು. 'ಅವನು ದುಡ್ಡು ಕೇಳ್ತಾನೆ, ಯಾರೂ ಫೋನ್ ಎತ್ತಬೇಡಿ' ಅಂತ ಒಂದು ಮೆಸೇಜ್ ಬೇರೆ. ದಿನಾ ಸಂಜೆ ಐದರಿಂದ ಏಳರವರೆಗೆ ಓಡುತ್ತಿದ್ದ ಹುಡುಗನಿಗೆ ಆ ಎರಡು ಗಂಟೆಯೂ ಖಾಲಿ ಆಯಿತು, ಕೈಯಲ್ಲಿ ಉಳಿದದ್ದು ಅದೇ ಫೋನ್. ಈಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡುತ್ತಿದ್ದಾನೆ ಅಂತ ಕೇಳಿದೆ. ನಂಬರ್ ಬದಲಾಗಿದೆ.

ಟೊನಾಲಿ ಮೇಲೆ ಅಷ್ಟು ಕೋಟಿ ಸುರಿದಿದ್ದರು, ಬಿಡೋಕಾಗಲಿಲ್ಲ, ಇಟ್ಟುಕೊಂಡರು, ಅಷ್ಟೇ ಅಂತ ನಮ್ಮ ಟೀಮಿನವರೇ ಒಬ್ಬರು ನನಗೆ ಹೇಳಿದರು. ಇರಬಹುದು, ದುಡ್ಡಿನ ಲೆಕ್ಕ ಇಲ್ಲ ಅಂತ ನಾನು ವಾದ ಮಾಡೋದಿಲ್ಲ. ಆದರೆ ನಮ್ಮ ಹುಡುಗನನ್ನು ಮೈದಾನದಲ್ಲಿ ಇಟ್ಟುಕೊಳ್ಳಲು ನಮಗೆ ಎಷ್ಟು ಖರ್ಚಾಗುತ್ತಿತ್ತು ಹೇಳಿ? ಒಂದು ರೂಪಾಯಿಯೂ ಇಲ್ಲ. ಟೀಮಿನ ದುಡ್ಡು ಅವನ ಕೈಗೆ ಕೊಡದಿದ್ದರೆ ಮುಗಿಯಿತು.

ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಬೈದರೆ, ಹೊಡೆದರೆ, ದೇವರ ಮುಂದೆ ಆಣೆ ಮಾಡಿಸಿದರೆ ಹೋಗುವಂಥದ್ದಲ್ಲ. ನಮ್ಮ ಕಡೆ ಆಣೆ ಮಾಡಿಸೋದು ಜಾಸ್ತಿ. ಆಣೆ ಮಾಡಿದ ಹುಡುಗ ಮತ್ತೆ ಆಡಿದರೆ ಹೇಳಿಕೊಳ್ಳಲು ಇನ್ನೂ ಹೆದರುತ್ತಾನೆ.

ಕಾನೂನಿನ ಕಥೆಯೂ ಸ್ವಲ್ಪ ಇದೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿತು. ದುಡ್ಡಿನ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಡುವವರಿಗೂ ಶಿಕ್ಷೆ ಇದೆ. ಆದರೆ ಆಡಿ ಕಳೆದುಕೊಂಡವನಿಗೆ ಆ ಕಾನೂನಿನಲ್ಲಿ ಶಿಕ್ಷೆ ಇಲ್ಲ, ಅವನನ್ನು ಮೋಸಹೋದವನು ಅಂತಲೇ ನೋಡಿದ್ದಾರೆ. ದೆಹಲಿಯಲ್ಲಿ ಕೂತವರು ಇಷ್ಟು ಯೋಚಿಸಿದ್ದಾರೆ. ಪಕ್ಕದ ಮನೆಯಲ್ಲಿದ್ದು ನಾವು ಯೋಚಿಸಬಾರದಾ? ದೊಡ್ಡ ಆ್ಯಪ್‌ಗಳು ನಿಂತಿವೆ, ನಿಜ. ಟೆಲಿಗ್ರಾಂನಲ್ಲಿ ಲಿಂಕ್ ಬರೋದು ನಿಂತಿಲ್ಲ ಅಂತ ಹುಡುಗರೇ ಹೇಳುತ್ತಾರೆ.

ಅದಕ್ಕೆ ನಮ್ಮ ಜಿಲ್ಲೆಯ ಟೀಮುಗಳಿಗೆಲ್ಲ, ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಯಾವುದೇ ಇರಲಿ, ನನ್ನ ಕೋರಿಕೆ ಒಂದೇ. ಬೆಟ್ಟಿಂಗ್‌ನಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಮ್ಯಾಚ್‌ನಿಂದ ಹೊರಗಿಡಿ. ಬೇಕಾದರೆ ಇಡೀ ವರ್ಷ ಇಡಿ. ಪ್ರಾಕ್ಟೀಸ್‌ನಿಂದ ಕಳಿಸಬೇಡಿ. ಬೂಟು ಕಟ್ಟಿಕೊಂಡು ಬರಲಿ, ಓಡಲಿ, ಚಿಕ್ಕ ಮಕ್ಕಳಿಗೆ ಬಾಲ್ ಎತ್ತಿಕೊಡಲಿ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮೆಗ್ಗಾನ್ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಒಮ್ಮೆ ತೋರಿಸಿ, ಅಪ್ಪ ಬರದಿದ್ದರೆ ಟೀಮಿನವರೇ ಒಬ್ಬರು ಜೊತೆಗೆ ಹೋಗಿ. ಫೋನ್, ಇಂಟರ್‌ನೆಟ್ ಚಟಕ್ಕೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಒಂದು ಕ್ಲಿನಿಕ್ ಇದೆ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಬೆಟ್ಟಿಂಗ್ ದಾಳಿ, ಸಾಲಕ್ಕೆ ಹೆದರಿ ಮನೆ ಬಿಟ್ಟ ಯುವಕ, ಇಂಥ ಸುದ್ದಿ ಹಾಕುವಾಗಲೆಲ್ಲ ಕೆಳಗೆ ಆ ನಂಬರ್ ಹಾಕಿ. ಎಷ್ಟು ಲಕ್ಷ ಕಳೆದುಕೊಂಡ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕುವ ಜಾಗದಲ್ಲಿ ಅದು ಹಿಡಿಸುತ್ತದೆ. ಟೊನಾಲಿ ಬಗ್ಗೆ ಇನ್ನೊಮ್ಮೆ ಬರೆದರೆ ಆ ಹತ್ತು ತಿಂಗಳನ್ನೂ ಬರೆಯಿರಿ.

ಅಡಿಕೆ ಕೊನೆ ಕೊಯ್ಲು ಮುಗಿದು ಕೈಗೆ ದುಡ್ಡು ಬರುವ ಹೊತ್ತಿಗೆ ನಮ್ಮ ಕಡೆ ಟೂರ್ನಿಗಳು ಶುರುವಾಗುತ್ತವೆ, ಐಡಿ ಹಂಚುವವರೂ ಅದೇ ಹೊತ್ತಿಗೆ ಚುರುಕಾಗುತ್ತಾರೆ. ಅದಕ್ಕೆ ಮೊದಲು, ಬರುವ ಭಾನುವಾರ, ನಮ್ಮ ಟೀಮಿನ ಮೀಟಿಂಗ್ ಇದೆ. ಪ್ರಾಕ್ಟೀಸ್ ವಿಷಯವನ್ನು ಮತ್ತೆ ಎತ್ತುವವನಿದ್ದೇನೆ. ಪತ್ರ ಅಷ್ಟರೊಳಗೆ ಅಚ್ಚಾದರೆ ಪೇಪರ್ ಹಿಡಿದುಕೊಂಡೇ ಹೋಗುತ್ತೇನೆ.

ಇಂತಿ,
ನಿಮ್ಮ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ